ಮರಳಿ ಒಳಗೆ ಹೋದವರು

ಅಳಿಸಿಹಾಕಿದ್ದ ಇನ್ನೂರ ಹದಿನಾಲ್ಕು ಜನರನ್ನು ನೀಲಗಂಗಾ ಹೂಗಾರ ಮೊದಲ ಸಲ ನೋಡಿದ್ದು ಡೆನ್ಮಾರ್ಕಿನ ಒಂದು ಬಂದರೂರಿನಲ್ಲಿ, ಬೆಳಿಗ್ಗೆ ಪ್ರಯೋಗಕ್ಕೆಂದು ಸುಟ್ಟ ಸೋಫಾದ ವಾಸನೆ ಇನ್ನೂ ಅವಳ ಜಡೆಯಲ್ಲೇ ಇದ್ದ ಒಂದು ಮಧ್ಯಾಹ್ನ.

ಗದಗಿನ ಈ ಹೆಣ್ಣುಮಗಳು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಗ್ನಿಶಾಮಕ ಇಲಾಖೆಯಲ್ಲಿ ಮೂರು ವರ್ಷ ಠಾಣಾಧಿಕಾರಿಯಾಗಿ ದುಡಿದು, ಇಲಾಖೆಯ ರಜೆಯ ಮೇಲೆ ಅಗ್ನಿ ಸುರಕ್ಷತೆಯ ಸ್ನಾತಕೋತ್ತರ ಪದವಿಗೆ ಹೊರಟವಳು. ಆ ಕೋರ್ಸನ್ನು ಮೂರು ದೇಶಗಳ ಮೂರು ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತಿದ್ದವು. ಮೊದಲ ಆರು ತಿಂಗಳು ಡೆನ್ಮಾರ್ಕಿನಲ್ಲಿ ಬೆಂಕಿಯನ್ನು ಕಲಿಯಬೇಕು. ಮುಂದಿನ ಆರು ತಿಂಗಳು ಪೋರ್ಚುಗಲ್ಲಿನಲ್ಲಿ ಬೆಂಕಿಗೆ ಸಿಕ್ಕ ಮನುಷ್ಯನನ್ನು. ಆಮೇಲೆ ಜಪಾನಿನಲ್ಲಿ ಇವೆರಡನ್ನೂ ಕೂಡಿಸುವ ಗಣಿತವನ್ನು. ಕೊನೆಗೆ ಪ್ರಬಂಧ. ಪದವಿ ಒಂದು, ಸಹಿ ಮೂರು.

ಅಷ್ಟರಲ್ಲಾಗಲೇ ಜಗತ್ತಿನ ದೊಡ್ಡ ಕಟ್ಟಡಗಳಿಗೆಲ್ಲ ‘ಸುಗಮ’ ಬಂದು ಕೂತಿತ್ತು. ಅದು ಯೋಚಿಸುವ ಬಾಗಿಲುಗಳ ವ್ಯವಸ್ಥೆ. ಚಾವಣಿಯಲ್ಲಿ ಶಾಖವನ್ನು ಕಾಣುವ ಕ್ಯಾಮೆರಾಗಳು, ನೆಲದಲ್ಲಿ ಹೊತ್ತಿ ಉರಿಯುವ ಬಾಣದ ಗುರುತುಗಳು, ಗೋಡೆಯೊಳಗೆ ಫ್ಯಾನುಗಳು. ಬೆಂಕಿ ಕಾಣಿಸಿದ ಕ್ಷಣದಿಂದ, ಮುಂದಿನ ಎರಡು ನಿಮಿಷಗಳಲ್ಲಿ ಹೊಗೆ ಎಲ್ಲಿರುತ್ತದೆ, ಜನ ಎಲ್ಲಿರುತ್ತಾರೆ ಎಂದು ಅದು ಸೆಕೆಂಡಿಗೊಮ್ಮೆ ಎಣಿಸುತ್ತಿತ್ತು. ಹೊಗೆಯ ಕಡೆಯ ಬಾಗಿಲು ಮುಚ್ಚಿ, ಜನರ ಕಡೆಯದನ್ನು ತೆರೆಯುತ್ತಿತ್ತು. ಅದು ಬಂದ ಮೇಲೆ ಬೆಂಕಿಯಲ್ಲಿ ಸಾಯುವವರ ಸಂಖ್ಯೆ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಬೀಗ ಜಡಿದ ಶಟರಿನ ಹಿಂದೆ ಉಸಿರುಗಟ್ಟಿ ಸತ್ತ ಐದು ಜನರನ್ನು ತನ್ನ ಕೈಯಾರೆ ಹೊರಗೆಳೆದಿದ್ದ ನೀಲಗಂಗಾಳಿಗೆ ಆ ಬಾಗಿಲುಗಳ ಮೇಲೆ ಭಕ್ತಿಯೇ ಇತ್ತು.

ಆ ಮಧ್ಯಾಹ್ನ ಅಕ್ಕನ ಫೋನು ಬಂತು. ಅಕ್ಕ ಮಹಾನಂದಾ ಗದಗಿನ ಒಂದು ತಾಯಿ-ಮಗು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೂರನೇ ಮಹಡಿಯಲ್ಲಿ ದಿನ ತುಂಬದೆ ಹುಟ್ಟಿದ ಎಳೆಗೂಸುಗಳ ವಾರ್ಡು ಅವಳದು.

“ನೀಲಾ, ನಮ್ಮ ವಾರ್ಡಿಗೂ ನಿಮ್ಮ ಸುಗಮ ಬಂತ ನೋಡವಾ. ಗಾಜಿನ ಬಾಗಲಾ. ಕೈ ಹಚ್ಚೂ ಹಂಗಿಲ್ಲ, ತಾನ ತೆರೀತೈತಿ, ತಾನ ಮುಚ್ಚತೈತಿ.”

“ಛಲೋ ಆತಲ್ಲಕ್ಕಾ. ಬೆಂಕಿ ಗಿಂಕಿ ಆದ್ರ ಕೂಸುಗಳನ್ನ ಹೆಂಗ ಹೊರಗ ತರಬೇಕು ಅಂತ ಹೇಳಿಕೊಟ್ರೇನು?”

“ಅದನ್ನ ಅವರೇನ ಹೇಳಿಕೊಡ್ತಾರ? ಇಪ್ಪತ್ತೆರಡು ಕೂಸು, ನಾವು ನಾಕು ಮಂದಿ. ಎರಡೆರಡು ಎತ್ತಿಕೊಂಡು ಹೊರಗ ಇಡೂದು, ಮತ್ತ ಒಳಗ ಬರೂದು, ಮತ್ತೆರಡು ಎತ್ತೂದು. ಬ್ಯಾರೆ ಹೆಂಗ ತರಾಕ ಬರ್ತೈತಿ?”

ಮತ್ತೆ ಒಳಗೆ ಬರುವುದು. ಫೋನಿಟ್ಟ ಮೇಲೂ ಆ ಮಾತು ಅವಳ ತಲೆಯಿಂದ ಹೋಗಲಿಲ್ಲ. ಸುಗಮಕ್ಕೆ ಕಲಿಸಲು ಬಳಸಿದ್ದ ದೃಶ್ಯಗಳ ಭಂಡಾರ ವಿದ್ಯಾರ್ಥಿಗಳಿಗೆ ತೆರೆದಿತ್ತು. ನಿಜವಾದ ಬೆಂಕಿ ಅನಾಹುತಗಳಲ್ಲಿ ಹನ್ನೊಂದು ಸಾವಿರ ಜನ ಹೇಗೆ ಓಡಿದರು ಎಂಬ ಕ್ಯಾಮೆರಾ ಚಿತ್ರಗಳು. ಅದರ ಒಂದು ಮೂಲೆಯಲ್ಲಿ ‘ಕೈಬಿಟ್ಟವು’ ಎಂಬ ಕಡತವಿತ್ತು. ಇನ್ನೂರ ಹದಿನಾಲ್ಕು ತುಣುಕುಗಳು. ಎಲ್ಲಕ್ಕೂ ಕಾರಣ ಒಂದೇ: ‘ಗುರಿ ಅಸ್ಪಷ್ಟ’.

ಅವಳು ಕೂತು ಒಂದೊಂದಾಗಿ ನೋಡಿದಳು. ರೈಲು ನಿಲ್ದಾಣದಲ್ಲಿ ಹೊರಬಾಗಿಲು ಮುಟ್ಟಿದ ಗಂಡಸೊಬ್ಬ ತಿರುಗಿ, ಜನರ ಪ್ರವಾಹವನ್ನು ಭುಜದಿಂದ ಸೀಳಿಕೊಂಡು ಒಳಗೆ ಹೋದ. ಮುದುಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಬಂದ. ಹೋಟೆಲಿನ ಬಡಿಸುವವನು ಎರಡು ಸಲ ಹೋದ. ಹೆಂಗಸೊಬ್ಬಳು ಮೂರು ಸಲ ಹೋದಳು, ಮೂರನೆಯ ಸಲ ಬರಲಿಲ್ಲ. ಇನ್ನೂರ ಹದಿನಾಲ್ಕರಲ್ಲಿ ಚೀಲವನ್ನೋ ಫೋನನ್ನೋ ತರಲು ಹೋದವರು ಇಪ್ಪತ್ತೂ ಇರಲಿಲ್ಲ. ಉಳಿದವರೆಲ್ಲ ಹೋದದ್ದು ಮನುಷ್ಯರಿಗಾಗಿ.

ಹೊರಗೆ ಹೋಗುವವರನ್ನಷ್ಟೇ ನೋಡಿ ಕಲಿತ ಸುಗಮಕ್ಕೆ ಒಳಗೆ ಬರುವವರು ಅರ್ಥವಾಗುತ್ತಿರಲಿಲ್ಲ. ಅವರನ್ನು ಅದು ‘ಗೊಂದಲ’ ಎಂದು ಗುರುತಿಸಿ, ಬಾಗಿಲು ತೆರೆಯದೆ, ನೆಲದ ಬಾಣವನ್ನು ಕೆಂಪು ಮಾಡುತ್ತಿತ್ತು.

ಬೆಂಕಿಯ ಪ್ರಯೋಗಾಲಯದ ಪ್ರೊಫೆಸರ್ ಯೆನ್ಸ್ ಅವಳ ಮಾತನ್ನು ಕೊನೆಯವರೆಗೆ ಕೇಳಿದರು. ಒಳ್ಳೆಯ ಮನುಷ್ಯ. “ವಿಷಯ ದೊಡ್ಡದು,” ಎಂದರು. “ಆದರೆ ಇಲ್ಲಿ ನಾವು ಸುಡುವುದು ಸೋಫಾಗಳನ್ನು. ಸೋಫಾ ಮರಳಿ ಒಳಗೆ ಹೋಗುವುದಿಲ್ಲ. ಪೋರ್ಚುಗಲ್ಲಿಗೆ ಹೋದ ಮೇಲೆ ಕೇಳಿ.”

ಪೋರ್ಚುಗಲ್ಲಿನಲ್ಲಿ ಮನುಷ್ಯರ ವರ್ತನೆಯನ್ನು ಕಲಿಸುವ ಪ್ರೊಫೆಸರ್ ತೆರೇಜಾ ಕೇಳಿದೊಡನೆ ಕುರ್ಚಿಯಿಂದ ಎದ್ದೇಬಿಟ್ಟರು. “ಇದನ್ನು ಯಾರೂ ಮಾಡಿಲ್ಲ, ಮಾಡು!” ಆದರೆ ಆಸ್ಪತ್ರೆಯಲ್ಲಿ ಪ್ರಯೋಗ ಮಾಡಲು, ಸಂಶೋಧನೆಯ ಸರಿತಪ್ಪು ನೋಡುವ ನೀತಿ ಸಮಿತಿ ಒಪ್ಪಲಿಲ್ಲ. ಬದಲಿಗೆ, ಕಣ್ಣಿಗೆ ಕನ್ನಡಕದಂಥ ಯಂತ್ರ ಕಟ್ಟಿ ಸುಳ್ಳು ಬೆಂಕಿ ತೋರಿಸುವ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಅರವತ್ತು ವಿದ್ಯಾರ್ಥಿಗಳು ಬಂದರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಚಿತ್ರದ ವಾರ್ಡಿನಲ್ಲಿ ಚಿತ್ರದ ಕೂಸುಗಳು ಅತ್ತವು. ಅರವತ್ತರಲ್ಲಿ ಮರಳಿ ಒಳಗೆ ಹೋದವರು ನಾಲ್ವರು. ಅವರಲ್ಲೂ ಒಬ್ಬ ಆಮೇಲೆ ಬಂದು, ತಾನು ತಪ್ಪು ಗುಂಡಿ ಒತ್ತಿದ್ದಾಗಿ ಹೇಳಿದ.

“ಮೂವರು,” ಎಂದು ತೆರೇಜಾ ಬರೆದುಕೊಂಡರು. “ಶೇಕಡಾ ಐದು. ಅಂದರೆ ಸುಗಮ ಮಾಡಿದ ಕಂಪನಿ ಅವರನ್ನು ಕೈಬಿಟ್ಟದ್ದು ಸರಿ ಎಂದಾಗುತ್ತದೆ, ನೀಲಾ.”

“ಮೇಡಂ, ಆ ಕೂಸಿಗೆ ತೂಕವೇ ಇಲ್ಲ. ಇವರು ಯಾರೂ ಅದಕ್ಕೆ ಹಾಲು ಕುಡಿಸಿಲ್ಲ. ಅಕ್ಕನ ವಾರ್ಡಿನವರನ್ನು ಕೇಳಿ ನೋಡಿ...”

“ನಿನ್ನ ಅಕ್ಕ ಒಬ್ಬಳೇ ಅಧ್ಯಯನಕ್ಕೆ ಮಾದರಿಯಾಗಲಾರಳು.”

ಅಂದು ಅವಳು ಊರಿನ ಕಡಿದಾದ ಕಲ್ಲುಮೆಟ್ಟಿಲುಗಳನ್ನು ಇಳಿದು ಹೊಳೆಯ ದಂಡೆಯವರೆಗೆ ನಡೆದು ಹೋದಳು. ತಾನೇ ಮಾಡಿದ ಪ್ರಯೋಗ ತನ್ನ ವಿರುದ್ಧವೇ ಸಾಕ್ಷಿ ನುಡಿದಿತ್ತು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಸುಳ್ಳೆಂದು ತೋರಿಸುವ ದಾರಿ ಗೊತ್ತಿರಲಿಲ್ಲ. ಅಲ್ಲಿ ಕೂಗಾಡಲು ಕನ್ನಡ ತಿಳಿದವರಾದರೂ ಒಬ್ಬರಿದ್ದಿದ್ದರೆ ಎನ್ನಿಸಿತು.

ಜಪಾನಿನ ಪ್ರೊಫೆಸರ್ ಮಿಯಾಹಾರಾ ಇವರಿಬ್ಬರಿಗಿಂತ ಕಠಿಣ. ಮರಳುವವರಿಗೂ ಬಾಗಿಲು ತೆರೆಯಲೆಂದು ಅವಳು ಬರೆದ ಸಮೀಕರಣವನ್ನು ಗಣಕದಲ್ಲಿ ಓಡಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದರು. ಮರಳಿ ಬರುವವರಿಗೆಂದು ಬಾಗಿಲು ತೆರೆದಾಗಲೆಲ್ಲ ಹೊಗೆ ಕಾರಿಡಾರಿಗೆ ನುಗ್ಗಿ, ಮೆಟ್ಟಿಲ ಗೂಡನ್ನು ತುಂಬಿ, ಮೇಲಿನ ಮಹಡಿಗೆ ಏರುತ್ತಿತ್ತು. ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದವರು.

“ನೀವು ಹನ್ನೆರಡು ಜನರನ್ನು ಉಳಿಸಿ ಮೂವತ್ತು ಜನರನ್ನು ಕೊಂದಿರಿ,” ಎಂದರು ಮಿಯಾಹಾರಾ. “ಬಾಗಿಲು ಮುಚ್ಚುವುದಕ್ಕೆ ಕಾರಣವಿದೆ.”

ಅವಳು ಮೂರು ವಾರ ಆ ಪರದೆಯ ಮುಂದೆ ಕೂತಳು. ಉತ್ತರ ಸಿಕ್ಕಿದ್ದು ಫ್ಯಾನಿನಲ್ಲಿ. ಬಾಗಿಲು ತೆರೆದಷ್ಟು ಹೊತ್ತು ಕಾರಿಡಾರಿನ ಫ್ಯಾನನ್ನು ತಿರುಗುಮುರುಗಾಗಿ ಓಡಿಸಿ, ಶುದ್ಧ ಗಾಳಿಯನ್ನು ವಾರ್ಡಿನ ಕಡೆಗೇ ನೂಕಿದರೆ ಹೊಗೆ ಹೊರಬರುವುದಿಲ್ಲ. ಆದರೆ ಬಾಗಿಲು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ತೆರೆದಿರಬಾರದು. ಆರಾದರೆ ಗಾಳಿ ಸೋಲುತ್ತದೆ. ನಿಜವಾದ ನರ್ಸಿಗೆ ಎರಡು ಕೂಸು ಎತ್ತಿಕೊಂಡು ಬಾಗಿಲು ದಾಟಲು ಎಷ್ಟು ಸೆಕೆಂಡು ಬೇಕು? ಮೂರು ವಿಶ್ವವಿದ್ಯಾಲಯಗಳ ಯಾವ ಗ್ರಂಥಾಲಯದಲ್ಲೂ ಆ ಸಂಖ್ಯೆ ಇರಲಿಲ್ಲ.

ಅವಳು ಅಕ್ಕನಿಗೆ ಫೋನು ಮಾಡಿದಳು.

ನಾಲ್ಕು ದಿನದ ಮೇಲೆ ಉತ್ತರ ಬಂತು. ಮಹಾನಂದಾ ಮತ್ತು ವಾರ್ಡಿನ ಆಯಾ ಬೀಬಿಜಾನ್ ಸೇರಿ ಎರಡೆರಡು ಸೇರಿನ ಜೋಳದ ಚೀಲಗಳನ್ನು ಕೂಸಿನ ದುಪ್ಪಟಿಯಲ್ಲಿ ಸುತ್ತಿ, ಪಾಳಿ ಬದಲಾಗುವ ಹೊತ್ತಿನಲ್ಲಿ ಖಾಲಿ ಕೋಣೆಯೊಂದರಲ್ಲಿ ಎತ್ತಿ ಓಡಾಡಿ, ಗಡಿಯಾರ ನೋಡಿ ಬರೆದಿದ್ದರು. ಔಷಧಿ ಚೀಟಿಯ ಹಿಂಭಾಗದಲ್ಲಿ ಅಕ್ಕನ ದುಂಡಗಿನ ಅಕ್ಷರ. ಒಂದು ಸುತ್ತಿಗೆ ನಲವತ್ತೊಂದು ಸೆಕೆಂಡು. ಬಾಗಿಲು ದಾಟಲು ನಾಲ್ಕು.

“ಬೀಬಿಗೆ ಮೊಣಕಾಲು ನೋವು ಐತಿ. ಆಕೀದು ನಾಕೂವರಿ ಅಂತ ಬರ್ಕೊ,” ಎಂದಳು ಅಕ್ಕ ಫೋನಿನಲ್ಲಿ.

ಸಂಖ್ಯೆಗಳನ್ನು ಹಾಕಿ ಓಡಿಸಿದಾಗ ಎಲ್ಲರೂ ಉಳಿದರು. ಕೂಸುಗಳೂ, ಹೊತ್ತವರೂ, ಮೇಲಿನ ಮಹಡಿಯವರೂ. ಬೇಕಾದದ್ದು ಇಷ್ಟೇ: ನರ್ಸಿನ ಮಣಿಕಟ್ಟಿಗೊಂದು ಪಟ್ಟಿ, ಅದನ್ನು ಕಂಡರೆ ಬಾಗಿಲು ತೆರೆಯಲಿ, ಫ್ಯಾನು ತಿರುಗಲಿ. ಮಿಯಾಹಾರಾ ಎರಡು ಸಲ ಓಡಿಸಿ ನೋಡಿ, ಅವಳಿಗೆ ತಾವೇ ಚಹಾ ತಂದುಕೊಟ್ಟು, “ಬರೆಯಿರಿ,” ಎಂದರು.

ಅವಳು ಬರೆದಳು. ಏಳು ವಾರದ ನಂತರ ಪೋರ್ಚುಗಲ್ಲಿನ ನೀತಿ ಸಮಿತಿಯಿಂದ ಪತ್ರ ಬಂತು. ಒಪ್ಪಿಗೆ ಪತ್ರವಿಲ್ಲದೆ, ಸಂಬಂಧಿಕರಿಂದ ಸಂಗ್ರಹಿಸಿದ ಅಂಕಿಗಳನ್ನು ಬಳಸುವಂತಿಲ್ಲ. ಅಧಿಕೃತ ಅಣಕು ಕಸರತ್ತು ನಡೆಸಬಹುದು, ಆದರೆ ಅದಕ್ಕೆ ಡೆನ್ಮಾರ್ಕಿನ ಸುರಕ್ಷತಾ ಅನುಮತಿ ಬೇಕು. ಡೆನ್ಮಾರ್ಕಿನವರು ಕಂಪನಿಯ ಅನುಮತಿ ಕೇಳಿದರು. ಕಂಪನಿಯವರು ಆಸ್ಪತ್ರೆಯ ಅನುಮತಿ ಕೇಳಿದರು. ಆಸ್ಪತ್ರೆಯವರು ವಿಶ್ವವಿದ್ಯಾಲಯದ ಪತ್ರ ಕೇಳಿದರು, ಯಾವ ವಿಶ್ವವಿದ್ಯಾಲಯವೆಂದು ಹೇಳಲಿಲ್ಲ. ಮೂರೂ ಕಡೆಯಿಂದ ಪತ್ರ ಬರುವಷ್ಟರಲ್ಲಿ ಪ್ರಬಂಧದ ಗಡುವಿಗೆ ಇಪ್ಪತ್ತು ದಿನ ಉಳಿದಿತ್ತು.

ಗದಗಿನಲ್ಲಿ ಕಸರತ್ತು ನಡೆದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಮೂರನೇ ಮಹಡಿಯ ಇನ್ನೊಂದು ತುದಿಯಲ್ಲಿ, ಇನ್ನೂ ರೋಗಿಗಳಿಗೆ ಕೊಡದ ಹೊಸ ವಾರ್ಡಿನಲ್ಲಿ. ಅದೇ ಗಾಜಿನ ಬಾಗಿಲು. ಇಪ್ಪತ್ತೆರಡು ಪುಟ್ಟ ಮಂಚ, ಇಪ್ಪತ್ತೆರಡು ಜೋಳದ ಚೀಲ. ಕಂಪನಿಯ ಕಡೆಯಿಂದ ಅನಿರುದ್ಧ ಪೈ ಎಂಬ ಮಂಗಳೂರಿನ ಎಂಜಿನಿಯರ್ ಬಂದಿದ್ದ. ನೀಲಗಂಗಾ ಇದಕ್ಕೆಂದೇ ಜಪಾನಿನಿಂದ ಊರಿಗೆ ಬಂದಿದ್ದಳು. ಅಧೀಕ್ಷಕ ಡಾಕ್ಟರ್ ಉಮಚಗಿ ಕೈಕಟ್ಟಿ ನಿಂತಿದ್ದರು.

ಗಂಟೆ ಮೊಳಗಿತು. ಮಹಾನಂದಾ, ಬೀಬಿಜಾನ್ ಮತ್ತು ಇನ್ನಿಬ್ಬರು ನರ್ಸುಗಳು ಎರಡೆರಡು ಚೀಲ ಎದೆಗವಚಿಕೊಂಡು ಹೊರಗೆ ಬಂದರು. ಹಸಿರು ಬಾಣಗಳು ಚೆಂದವಾಗಿ ದಾರಿ ತೋರಿದವು. ಚೀಲಗಳನ್ನು ಕಾರಿಡಾರಿನಾಚೆಯ ಮೇಜಿನ ಮೇಲಿಟ್ಟು ನಾಲ್ವರೂ ತಿರುಗಿದರು.

ಬಾಗಿಲು ಮುಚ್ಚಿತ್ತು. ಬಾಣಗಳು ಕೆಂಪಾದವು. “ದಯವಿಟ್ಟು ಹಿಂತಿರುಗಿ. ನಿಮ್ಮ ದಾರಿ ಈ ಕಡೆ ಇದೆ,” ಎಂದಿತು ಚಾವಣಿಯ ದನಿ, ಅಚ್ಚ ಕನ್ನಡದಲ್ಲಿ.

ಮಹಾನಂದಾ ಗಾಜಿಗೆ ಅಂಗೈ ಬಡಿದಳು. ಆಮೇಲೆ ಮುಷ್ಟಿ. “ಏ, ತೆರೀರಿ! ಒಳಗ ಅದಾವ!”

“ಅಕ್ಕಾ, ಕಸರತ್ತು ಅದು,” ಎಂದಳು ನೀಲಗಂಗಾ.

ಬೀಬಿಜಾನ್ ನೆಲದ ಮೇಲೆಯೇ ಕುಳಿತಿದ್ದಳು. ಗಾಜಿನಾಚೆ ಹದಿನಾಲ್ಕು ಚೀಲಗಳು ದುಪ್ಪಟಿ ಹೊದ್ದು ಮಲಗಿದ್ದವು. ಪೈಯ ಕೈಯಲ್ಲಿದ್ದ ಟ್ಯಾಬ್ ಟಿಂಗ್ ಎಂದಿತು. ಅವನು ಓದಿದ್ದನ್ನು ಜೋರಾಗಿ ಹೇಳಲಿಲ್ಲ. ಉಮಚಗಿಯವರೇ ಬಗ್ಗಿ ಓದಿದರು.

“ತೆರವು ನೂರಕ್ಕೆ ನೂರು. ಐವತ್ತೆಂಟು ಸೆಕೆಂಡು. ಕಸರತ್ತು ಯಶಸ್ವಿ.” ಅವರ ಮುಖ ಸಡಿಲವಾಯಿತು. “ಛಲೋ ಆತಲ್ಲ?”

“ನೂರಕ್ಕೆ ನೂರು ಹೆಂಗಾತ್ರಿ?” ಎಂದಳು ನೀಲಗಂಗಾ ಪೈಯ ಕಡೆ ತಿರುಗಿ. “ಹದಿನಾಕು ಒಳಗೇ ಅದಾವಲ್ಲ?”

ಪೈ ಕನ್ನಡಕ ತೆಗೆದು ಒರೆಸಿದ. “ಮೇಡಂ, ಚೀಲದ ಬದಲು ಕೂಸೇ ಇದ್ದಿದ್ರೂ ಹೀಗೇ. ಶಾಖ ಕೊಡುವ ಮಂಚವೇ ಬಿಸಿ, ಕೂಸೂ ಬಿಸಿ. ಕ್ಯಾಮೆರಾಕ್ಕೆ ಎರಡೂ ಒಂದೇ ಕಾಣ್ತದೆ. ರೋಗಿ ಇದ್ರೆ ಮಂಚ ತಳ್ಳಿಕೊಂಡು ಹೊರಗೆ ಬರ್ತಾರೆ ಅಂತ ಅದರ ಲೆಕ್ಕ. ಮಂಚ ಅಲ್ಲಾಡದಿದ್ರೆ ಅದು ಖಾಲಿ.”

“ಆಕ್ಸಿಜನ್ ನಳಿಗಿ ಗ್ವಾಡಿಗೆ ಐತಿ, ವೈರ್ ಗ್ವಾಡಿಗೆ ಐತಿ. ಮಂಚ ಯಾರ ತಳ್ಳತಾರ?”

“ನಾನು ಕಣ್ಣಾರೆ ನೋಡಿದೆ ಮೇಡಂ, ಇಲ್ಲ ಅನ್ನುದಿಲ್ಲ. ಆದ್ರೆ ಇದನ್ನು ಬರೀಲಿಕ್ಕೆ ವರದಿಯಲ್ಲಿ ಜಾಗವೇ ಇಲ್ಲ ಮಾರಾಯ್ರೆ. ಸುಗಮದ ಲೆಕ್ಕ ಬದಲಿಸಿದ್ರೆ ಒಂಬತ್ತು ಸಾವಿರ ಕಟ್ಟಡಕ್ಕೆ ಮತ್ತೆ ಪ್ರಮಾಣಪತ್ರ ಆಗ್ಬೇಕು. ಎರಡು ವರ್ಷ.”

ಅಷ್ಟರಲ್ಲಿ ಕಸರತ್ತು ಮುಗಿಯಿತೆಂದು ಬಾಗಿಲು ತಾನಾಗಿ ತೆರೆಯಿತು. ಮಹಾನಂದಾ ಒಳಗೆ ಹೋಗಿ ಒಂದು ಚೀಲವನ್ನೆತ್ತಿ ತಂದು, ಉಮಚಗಿಯವರ ಎರಡೂ ಕೈಯಲ್ಲಿಟ್ಟಳು. ಹದಿನಾರು ವರ್ಷದ ಸರ್ವಿಸಿನಲ್ಲಿ ಅವಳು ಅವರಿಗೆ ಎದುರಾಡಿದವಳಲ್ಲ.

“ಇದು ಯಾರ ಕೂಸ್ರಿ ಸರ್? ಅದರ ಅವ್ವಗ ನಾ ಏನಂತ ಹೇಳ್ಲಿ?”

ಡಾಕ್ಟರು ಚೀಲ ಹಿಡಿದುಕೊಂಡೇ ನಿಂತರು. “ಕೆಳಗ ಹೊರರೋಗಿಗಳ ಕಡೆ ಪಡಸಾಲಿಗೆ ಹಚ್ಚಿ ದೊಡ್ಡ ಕ್ವಾಣಿ ಐತಿ,” ಎಂದರು. “ಸಾದಾ ಬಾಗಲಾ. ವಾರ್ಡ್ ಅಲ್ಲಿಗೆ ಇಳಿಸ್ರಿ.”

ಒಂದೇ ವಾರದಲ್ಲಿ ಮಹಾನಂದಾ ವಾರ್ಡನ್ನು ಇಳಿಸಿದಳು. ಅವಳ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ನೀಲಗಂಗಾಳಿಗೆ ಮುಗಿಯಲಿಲ್ಲ. ಪ್ರಬಂಧದ ಸಭೆ ಮೂರು ಪರದೆಗಳಲ್ಲಿ ನಡೆಯಿತು. ಅವಳು ಗದಗಿನ ಅಕ್ಕನ ಮನೆಯ ನಡುಮನೆಯಲ್ಲಿ ಕೂತಿದ್ದಳು. ಹೊರಗೆ ಮಧ್ಯಾಹ್ನದ ಬಿಸಿಲು, ಡೆನ್ಮಾರ್ಕಿನಲ್ಲಿ ಬೆಳಿಗ್ಗೆ, ಜಪಾನಿನಲ್ಲಿ ಸಂಜೆ. ಐದನೇ ಅಧ್ಯಾಯದಲ್ಲಿ ಗದಗಿನ ಕಸರತ್ತೂ ಫ್ಯಾನಿನ ಗಣಿತವೂ ಇದ್ದವು. ಅದನ್ನು ಪ್ರಕಟಿಸಲು ಕಂಪನಿ ಒಪ್ಪಿಗೆ ಕೊಡಲಿಲ್ಲವೆಂದು ಯೆನ್ಸ್ ಹೇಳಿದರು. ಒಂದೇ ಕಸರತ್ತಿನಿಂದ ಏನೂ ಸಿದ್ಧವಾಗುವುದಿಲ್ಲವೆಂದು ತೆರೇಜಾ ಹೇಳಿದರು. ಮಿಯಾಹಾರಾ, ಗಣಿತ ಸರಿಯಿದೆ, ಆದರೆ ಅನುಮತಿಯಿಲ್ಲದ ಅಂಕಿಯ ಮೇಲೆ ನಿಂತ ಗಣಿತಕ್ಕೆ ತಾನು ಸಹಿ ಹಾಕಲಾರೆ ಎಂದರು. ಅಧ್ಯಾಯ ತೆಗೆದರೆ ಜೂನ್‌ನಲ್ಲಿ ಪದವಿ. ಇಟ್ಟುಕೊಂಡರೆ ಮತ್ತೆ ಅನುಮತಿಗಳು, ಇನ್ನೂ ಒಂದು ವರ್ಷ. ಅವಳ ಇಲಾಖೆಯ ರಜೆ ಜೂನ್‌ಗೆ ಮುಗಿಯುತ್ತಿತ್ತು.

“ಇಲ್ಲಿ ಯಾರದು ತಪ್ಪು ಹೇಳಕ್ಕಾ?” ಎಂದಳು ಅವಳು ಪರದೆ ಮುಚ್ಚಿ. “ಮೂರೂ ಮಂದಿ ಒಳ್ಳೇವ್ರು. ಮೂರೂ ಮಂದಿ ಹೇಳೂದು ಖರೆ. ಆದ್ರ ಬಾಗಲಾ ಮಾತ್ರ ತೆರೀವಲ್ದು!”

ಮಹಾನಂದಾ ರೊಟ್ಟಿ ತಟ್ಟುತ್ತಿದ್ದಳು. “ತೆಗದು ಒಗೀ ಅದನ್ನ. ಡಿಗ್ರಿ ತಗೊ. ಕೈಯಾಗ ಕಾಗದ ಇದ್ದಾಕಿ ಮಾತು ನಾಳೆ ಕೇಳ್ತಾರ. ಈಗ ನಿನ್ನ ಮಾತು ಯಾರ ಕೇಳ್ತಾರ?”

“ಬ್ಯಾರೆ ಊರಿನ ಆಸ್ಪತ್ರಿ?”

“ಅದನ್ನ ಆಮ್ಯಾಲೆ ನೋಡಾಕ ಬರ್ತೈತಿ.” ಅಕ್ಕ ರೊಟ್ಟಿ ತಿರುವಿ ಹಾಕಿದಳು. “ಉಣ್ಣು ಏಳು.”

ಅವಳು ಅಧ್ಯಾಯ ತೆಗೆದಳು. ಮೂರು ಸಹಿ ಬಿದ್ದವು.

ಪದವಿ ಬಂದ ಮೇಲೆ ಇಲಾಖೆ ಅವಳನ್ನು ಕಲಬುರಗಿಗೆ ಪ್ರಾದೇಶಿಕ ಅಧಿಕಾರಿಯಾಗಿ ಕಳಿಸಿತು. ಅಲ್ಲಿಂದ ಅವಳು ಕಂಪನಿಗೆ ಆರು ಪತ್ರ ಬರೆದಳು. ಪ್ರತಿ ಸಲವೂ ಅದೇ ಉತ್ತರ: ಸಲಹೆಗಾಗಿ ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ. ಸುಗಮ ಇರುವ ಮಕ್ಕಳ ವಾರ್ಡುಗಳನ್ನೆಲ್ಲ ನೆಲಮಹಡಿಗೆ ಇಳಿಸಿ ಎಂದು ಸುತ್ತೋಲೆ ಕಳಿಸಿದಳು. ಜಾಗವಿಲ್ಲ ಎಂದು ಉತ್ತರಿಸಿದವರು ಕೆಲವರು. ಉಳಿದವರು ಅದನ್ನೂ ಬರೆಯಲಿಲ್ಲ.

ಒಂಬತ್ತು ತಿಂಗಳಾಗಿತ್ತು. ಬೀದರ್ ಕಡೆಯ ಒಂದು ಆಸ್ಪತ್ರೆಯಲ್ಲಿ, ಹಾಡುಹಗಲು, ಎಳೆಗೂಸುಗಳ ವಾರ್ಡಿನ ಎ.ಸಿ. ಯಂತ್ರಕ್ಕೆ ಬೆಂಕಿ ಹತ್ತಿತು. ಕರ್ತವ್ಯದಲ್ಲಿದ್ದ ಸಲೋಮಿ ಎಂಬ ನರ್ಸು ಮತ್ತು ಒಬ್ಬ ಆಯಾ ನಾಲ್ಕು ಕೂಸುಗಳನ್ನು ಹೊರಗೆ ತಂದರು. ಬಾಗಿಲು ಮುಚ್ಚಿತು. ಒಳಗೆ ಒಂಬತ್ತು ಉಳಿದಿದ್ದವು. ಸಲೋಮಿ ಕಾರಿಡಾರಿನಲ್ಲಿದ್ದ ಆಕ್ಸಿಜನ್ ಸಿಲಿಂಡರನ್ನು ಎರಡು ಕೈಯಲ್ಲಿ ಎತ್ತಿ ಗಾಜಿಗೆ ಬಡಿದಳು. ಏಳು ಸಲ ಬಡಿದ ಮೇಲೆ ಒಡೆಯಿತು. ಒಂಬತ್ತೂ ಕೂಸುಗಳನ್ನು ಅವಳು ಹೊರಗೆ ತಂದಳು. ಎಲ್ಲವೂ ಬದುಕಿದವು. ಒಡೆದ ಬಾಗಿಲಿನಿಂದ ಹೊಗೆ ಮೇಲೇರಿ, ಮೇಲಿನ ಮಹಡಿಯ ಮುದುಕರೊಬ್ಬರು ನಾಲ್ಕು ದಿನ ಆಕ್ಸಿಜನ್ ಮೇಲೆ ಇರಬೇಕಾಯಿತು. ಸುರಕ್ಷತಾ ವ್ಯವಸ್ಥೆಯನ್ನು ನಾಶ ಮಾಡಿ ರೋಗಿಗಳ ಜೀವಕ್ಕೆ ಅಪಾಯ ತಂದಳೆಂದು ಸಲೋಮಿಯನ್ನು ಅಮಾನತು ಮಾಡಿದರು. ಸುಗಮದ ದಾಖಲೆಯಲ್ಲಿ ಅವಳ ಹೆಸರಿರಲಿಲ್ಲ. ‘ಗೊಂದಲ: ಒಬ್ಬ ವ್ಯಕ್ತಿ’ ಎಂದಷ್ಟೇ ಇತ್ತು.

ವಿಚಾರಣೆಗೆ ತಜ್ಞೆಯಾಗಿ ನೀಲಗಂಗಾಳನ್ನು ಕರೆದರು. ಅಕ್ಕ ಹೇಳಿದಂತೆಯೇ ಆಗಿತ್ತು, ಕೈಯಲ್ಲಿ ಕಾಗದವಿದ್ದವಳನ್ನು ಕರೆದಿದ್ದರು. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು. ಕಂಪನಿಯ ವಕೀಲರು ಎದ್ದು ನಿಂತು, ಮೊದಲು ಅವಳ ಪದವಿಯನ್ನೂ ಮೂರು ವಿಶ್ವವಿದ್ಯಾಲಯಗಳ ಹೆಸರನ್ನೂ ಗೌರವದಿಂದ ಓದಿ ಹೇಳಿ, ಆಮೇಲೆ ಕೇಳಿದರು.

“ಬೆಂಕಿ ಬಿದ್ದ ಕೋಣೆಗೆ ಮರಳಿ ಹೋಗುವುದು ಗೊಂದಲವಲ್ಲ, ಅದಕ್ಕಾಗಿ ಬಾಗಿಲು ತೆರೆಯಬೇಕು ಎಂದು ಹೇಳುವ, ಅಂಗೀಕೃತವಾದ ಒಂದೇ ಒಂದು ಅಧ್ಯಯನ ಇದೆಯೇ ಮೇಡಂ?”

ಮೂಲೆಯ ಬೆಂಚಿನ ಮೇಲೆ ಸಲೋಮಿ ಕೂತಿದ್ದಳು. ಅವಳ ಎರಡೂ ಅಂಗೈಗೆ ಇನ್ನೂ ಪಟ್ಟಿ ಇತ್ತು.

“ಇಲ್ಲ,” ಎಂದಳು ನೀಲಗಂಗಾ.

ವಕೀಲರು ಕೂರಲು ಹೊರಟರು.

“ಇತ್ತು,” ಎಂದಳು ಅವಳು. “ನಾನೇ ಮಾಡಿದ್ದೆ. ನನ್ನ ಪ್ರಬಂಧದ ಐದನೇ ಅಧ್ಯಾಯ. ಅದನ್ನು ತೆಗೆದರೆ ಪದವಿ ಕೊಡುತ್ತೇವೆ ಎಂದರು, ತೆಗೆದೆ. ನಾನು ಅದನ್ನು ಇಟ್ಟುಕೊಂಡಿದ್ದರೆ ಈ ಪ್ರಶ್ನೆಗೆ ಇಂದು ಉತ್ತರವಿರುತ್ತಿತ್ತು.” ಚೀಲದಿಂದ ನಲವತ್ತು ಪುಟಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದನ್ನು ಬಹಿರಂಗಪಡಿಸಲು ನನಗೆ ಅನುಮತಿಯಿಲ್ಲ. ಇದರಲ್ಲಿ ಗದಗಿನ ಕಸರತ್ತು ಇದೆ. ಹದಿನಾಲ್ಕು ಕೂಸು ಒಳಗಿದ್ದಾಗ ವ್ಯವಸ್ಥೆ ನೂರಕ್ಕೆ ನೂರು ಎಂದದ್ದು ಇದೆ. ಬಾಗಿಲು ತೆರೆದೂ ಮೇಲಿನ ಮಹಡಿಗೆ ಹೊಗೆ ಹೋಗದಂತೆ ಮಾಡುವ ದಾರಿಯೂ ಇದೆ. ಆ ಮುದುಕರಿಗೆ ಹೊಗೆ ಕುಡಿಸಿದ್ದು ಈಕೆಯಲ್ಲ. ನಾವು ಗೊತ್ತಿದ್ದೂ ಮಾಡದೆ ಬಿಟ್ಟದ್ದು.”

ವಕೀಲರು ಆಕ್ಷೇಪಣೆ ಎತ್ತಿದರು. ನ್ಯಾಯಾಧೀಶರು ಕಟ್ಟನ್ನು ಎಳೆದುಕೊಂಡು, ಅಲ್ಲಿಯೇ ಓದಲು ತೊಡಗಿದರು. ಇಪ್ಪತ್ತು ನಿಮಿಷದಲ್ಲಿ ನಲವತ್ತೂ ಪುಟ ಮುಗಿಸಿದರು.

ತೀರ್ಪು ಬಂದಾಗ ಅವಳಿಗೆ ಗೆದ್ದಂತೆಯೂ ಅನ್ನಿಸಲಿಲ್ಲ, ಸೋತಂತೆಯೂ ಅನ್ನಿಸಲಿಲ್ಲ. ಸಲೋಮಿಯ ಅಮಾನತು ರದ್ದಾಯಿತು. ಆಸ್ತಿ ಹಾನಿ ಮಾಡಿದ್ದಕ್ಕೆ ಎಚ್ಚರಿಕೆಯ ಪತ್ರವೊಂದು ಅವಳ ಕಡತಕ್ಕೆ ಸೇರಿತು. ‘ಶ್ರೀಮತಿ ಹೂಗಾರ ಅವರ ಅಧ್ಯಯನವನ್ನು ವೈಯಕ್ತಿಕ ಅಭಿಪ್ರಾಯವೆಂದು ದಾಖಲಿಸಿಕೊಳ್ಳಲಾಗಿದೆ’ ಎಂದು ವರದಿಯ ಒಂದು ಸಾಲು. ಮುಂದಿನ ಆವೃತ್ತಿಯಲ್ಲಿ ಮರಳುವವರಿಗಾಗಿ ಒಂದು ಆಯ್ಕೆ ಕೊಡುವುದಾಗಿ ಕಂಪನಿ ಒಪ್ಪಿತು. ಬೇಕಾದ ಆಸ್ಪತ್ರೆಗಳು ಅರ್ಜಿ ಹಾಕಿ ಅದನ್ನು ಚಾಲೂ ಮಾಡಿಸಿಕೊಳ್ಳಬೇಕು. ಅನಿರುದ್ಧ ಪೈ ಫೋನು ಮಾಡಿ, ಆ ಆಯ್ಕೆ ಬರೆಯುವ ಕೆಲಸ ತಾನೇ ಕೇಳಿ ಪಡೆದೆನೆಂದು ಹೇಳಿದ. ಒಂದು ಉತ್ತರಕ್ಕೆ ಏಳು ವಾರ ತೆಗೆದುಕೊಂಡಿದ್ದ ವಿಶ್ವವಿದ್ಯಾಲಯಗಳಿಂದ ನಾಲ್ಕೇ ದಿನದಲ್ಲಿ ನೋಟಿಸು ಬಂತು, ನಿನ್ನ ಪದವಿಯನ್ನು ಏಕೆ ಹಿಂಪಡೆಯಬಾರದು ಎಂದು. ಕೆಳಗೆ ಮೂರು ಸಹಿ. ಮಿಯಾಹಾರಾ ಅವರ ಸಹಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ ಒಂದು ಸಾಲಿತ್ತು: ‘ಗಣಿತ ಸರಿಯಿದೆ.’

ಮುಂದಿನ ತಿಂಗಳು ಅವಳು ಬೀದರ್ ಕಡೆಯ ಆ ಆಸ್ಪತ್ರೆಗೆ ತಪಾಸಣೆಗೆ ಹೋದಳು. ಕೆಳಗೆ ಜಾಗವಿಲ್ಲವೆಂದು ವಾರ್ಡು ಮೇಲೆಯೇ ಇತ್ತು. ಬಾಗಿಲಿಗೆ ಹೊಸ ಗಾಜು ಹಾಕಿದ್ದರು, ಮೊದಲಿನದಕ್ಕಿಂತ ದಪ್ಪ. ಸಲೋಮಿ ಕೂಸೊಂದಕ್ಕೆ ನಳಿಗೆಯಲ್ಲಿ ಹಾಲು ಬಿಡುತ್ತಿದ್ದಳು. ಅದು ಮುಗಿಸಿ, ಕೈ ತೊಳೆದು ಹೊರಗೆ ಬಂದಳು.

“ಹೊಸಾ ಆಯ್ಕೆ ಅಂತಾರಲ್ರಿ ಮೇಡಂ, ಅದು ಯಾವಾಗ ಬರ್ತದ?”

“ಅರ್ಜಿ ಹಾಕಿಸೀನಿ. ಒಂದು ವರ್ಷ ಅನ್ನಾಕತ್ತಾರ.”

ಸಲೋಮಿ ಗಾಜಿನ ಕಡೆ ನೋಡಿದಳು. “ಅಲ್ಲಿತನಾ ಮತ್ತ ಹಂಗೇ ಆದ್ರ? ಏಳು ಸಲ ಹೊಡದೀನ್ರಿ ನಾ. ಏಳು ಸಲ ಅಂದ್ರ ಭಾಳ ಹೊತ್ತು ಅದು. ಇದು ಇನ್ನೂ ದಪ್ಪ ಅದ.”

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅಗ್ನಿ ಸುರಕ್ಷತೆಯ ಬಾಗಿಲನ್ನು ಮುರಿಯುವುದು ಹೇಗೆಂದು ಯಾವ ದೇಶದ ಯಾವ ಪಾಠದಲ್ಲೂ ಹೇಳಿಕೊಡುವುದಿಲ್ಲ. ಅವಳಿಗೆ ಅದು ಗೊತ್ತಿದ್ದದ್ದು ಠಾಣೆಯ ಮೂರು ವರ್ಷಗಳಿಂದ.

“ಎಲ್ಲಿ ಹೊಡದ್ರಿ ನೀವು?”

“ನಡುವ್ಯಾಗ.”

“ನಡುವೆ ಬ್ಯಾಡ.” ನೀಲಗಂಗಾ ಮೊಣಕಾಲೂರಿ ಕೂತು, ಗಾಜಿನ ಕೆಳಮೂಲೆಯನ್ನು ಬೆರಳಿನಿಂದ ತೋರಿಸಿದಳು. “ಇಲ್ಲಿ. ಚೌಕಟ್ಟಿನಿಂದ ಎರಡು ಬೆರಳು ಬಿಟ್ಟು. ಸಿಲಿಂಡರಿನ ಬುಡ ಅಲ್ಲ, ಚೂಪಾದದ್ದು ಬೇಕು. ಅಲ್ಲಿ ಗ್ವಾಡಿ ಮ್ಯಾಲೆ ಬೆಂಕಿಗಂತ ಇಟ್ಟ ಕೊಡಲಿ ಐತಲ್ಲ, ಅದನ್ನ ತಗೋರಿ. ಒಡದ ಕೂಡ್ಲೇ ಮೇಲಿನ ಮಹಡಿಗೆ ಫೋನ್ ಮಾಡಿ ಅವರ ಬಾಗಲಾ ಹಾಕ್ಕೋರಿ ಅನ್ರಿ.”

ಸಲೋಮಿಯೂ ಪಕ್ಕದಲ್ಲಿ ಕೂತು, ಗಾಯ ಮಾಯ್ದ ಬೆರಳಿನಿಂದ ಆ ಜಾಗವನ್ನು ಮುಟ್ಟಿ ನೋಡಿದಳು. ಒಳಗಿನಿಂದ ಆಯಾ ಕೂಗಿದಳು. ಸಲೋಮಿ ಎದ್ದಳು, ಗಾಜು ಅವಳಿಗೆ ದಾರಿಬಿಟ್ಟು, ಅವಳ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.